ಸಾಲ್ಸಾ, ಬಚಾಟಾ ಒಟ್ಟಿಗೆ ಕಲಿತರೆ ಎರಡೂ ಕೆಡುತ್ತವೆಯೇ? ಜೋಡಿ ನೃತ್ಯದ ಕ್ಲಾಸ್ ಸೇರುವ ಮುನ್ನ ತಿಳಿಯಬೇಕಾದದ್ದು

ಜೋಡಿ ನೃತ್ಯ ಕಲಿಯುತ್ತೇನೆ ಅಂದರೆ ಸುತ್ತಲಿನವರಿಂದ ಮೂರು ಮಾತು ಬರುತ್ತವೆ. ಎರಡು ಶೈಲಿ ಒಟ್ಟಿಗೆ ಕಲಿತರೆ ಎರಡೂ ಕೆಡುತ್ತವೆ. ತಾಳ ಹುಟ್ಟಿನಿಂದ ಬರಬೇಕು. ಇದೆಲ್ಲ ನಮ್ಮ ಕಡೆಯದ್ದಲ್ಲ. ಇವುಗಳ ಜೊತೆಗೆ ‘ಡ್ಯಾನ್ಸ್ ಮಾಡಿದರೆ ಮರೆವಿನ ಕಾಯಿಲೆ ಶೇ 76ರಷ್ಟು ಕಡಿಮೆ’ ಎಂಬ ಫಾರ್ವರ್ಡ್ ಬೇರೆ. ಇವುಗಳಲ್ಲಿ ನಿಜವೆಷ್ಟು?

‘ನಮ್ಮ ಕಡೆಯದ್ದಲ್ಲ’ ಎನ್ನುವುದರಿಂದಲೇ ಶುರು ಮಾಡೋಣ. ಗುಡೇಕೋಟೆ, ಕೂಡ್ಲಿಗಿ, ಕೊಟ್ಟೂರು ಕಡೆಯವರು ಕೋಲಾಟ ನೆನಪಿಸಿಕೊಳ್ಳಿ. ಒಳಗೊಂದು ಸುತ್ತು, ಹೊರಗೊಂದು ಸುತ್ತು, ಎದುರಿಗೆ ಜೋಡಿ. ನಿಮ್ಮ ಕೋಲು ಅವರ ಕೋಲಿಗೆ ಸರಿಯಾದ ಪೆಟ್ಟಿಗೇ ತಾಗಬೇಕು, ಆಮೇಲೆ ಸರಿದು ಮುಂದಿನವರ ಎದುರು ನಿಲ್ಲಬೇಕು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲೂ ಕೋಲು ಹಿಡಿದು ಕುಣಿಯುವ ಹೆಂಗಸರಿದ್ದಾರೆ. ಕ್ಯೂಬಾದ ಹವಾನಾದಲ್ಲಿ 1950ರ ದಶಕದಲ್ಲಿ ಬೆಳೆದ ‘ರುಯೆಡಾ ದೆ ಕಾಸಿನೊ’ ನೋಡಿದರೆ ಕೋಲಾಟ ಆಡಿದವರಿಗೆ ನಗು ಬರುತ್ತದೆ: ಅಲ್ಲೂ ಸುತ್ತು, ಒಬ್ಬ ಕೂಗು ಹಾಕುತ್ತಾನೆ, ಎಲ್ಲರೂ ಜೋಡಿ ಬದಲಿಸುತ್ತಾರೆ. ಮುಖ್ಯ ವ್ಯತ್ಯಾಸವೂ ಇದೆ. ಕೋಲಾಟದಲ್ಲಿ ಮುಂದಿನ ಹೆಜ್ಜೆ ಇಬ್ಬರಿಗೂ ಮೊದಲೇ ಗೊತ್ತು. ಸಾಲ್ಸಾದಲ್ಲಿ ಒಬ್ಬರು ಆ ಕ್ಷಣಕ್ಕೆ ನಿರ್ಧರಿಸಿ ಕೈಯ ಸನ್ನೆಯಲ್ಲಿ ತಿಳಿಸುತ್ತಾರೆ, ಇನ್ನೊಬ್ಬರು ಅದನ್ನು ಓದಿಕೊಳ್ಳುತ್ತಾರೆ. ಹೊಸಬರು ನಿಜವಾಗಿ ಕಲಿಯಬೇಕಾದದ್ದು ಇದನ್ನೇ.

ಇನ್ನು ಎರಡು ಶೈಲಿಯ ಪ್ರಶ್ನೆ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೈಚಲನೆಯ ಮೂರು ಪಾಠಗಳನ್ನು ಒಂದು ಗುಂಪು ಒಂದೊಂದಾಗಿ ಮುಗಿಸಿತು, ಇನ್ನೊಂದು ಗುಂಪು ಬೆರೆಸಿ ಕಲಿಯಿತು. ಕಲಿಯುವಾಗ ಬೆರೆಸಿದವರೇ ಹೆಚ್ಚು ತಡವರಿಸಿದರು. ಆದರೆ ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಚೆನ್ನಾಗಿ ನೆನಪಿಟ್ಟುಕೊಂಡವರೂ ಅವರೇ. ಅಂದರೆ ಕ್ಲಾಸಿನಲ್ಲಿ ಗೊಂದಲವಾಯಿತು ಎಂದ ಮಾತ್ರಕ್ಕೆ ಕಲಿಕೆ ಕೆಟ್ಟಿತು ಎಂದಲ್ಲ. ಇದು ಸರಳ ಕೈಕೆಲಸದ ಪ್ರಯೋಗ. ಇಡೀ ದೇಹ ಕುಣಿಸುವವರು, ಅದರಲ್ಲೂ ತೀರಾ ಹೊಸಬರು, ಮೊದಲ ತಿಂಗಳು ಒಂದೇ ಶೈಲಿ ಹಿಡಿಯುವುದು ಒಳ್ಳೆಯದು. ಮೂಲ ಹೆಜ್ಜೆ ಎಣಿಸದೆ ಬರತೊಡಗಿದ ಮೇಲೆ ಎರಡನೆಯದಕ್ಕೆ ಸೇರಿ.

ಗೊಂದಲ ಎಲ್ಲಿ ಆಗುತ್ತದೆ ಎಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಸಾಲ್ಸಾದ ಎಂಟು ಎಣಿಕೆಯಲ್ಲಿ ಸಾಮಾನ್ಯವಾಗಿ 1-2-3, 5-6-7ಕ್ಕೆ ಹೆಜ್ಜೆ. 4 ಮತ್ತು 8ಕ್ಕೆ ವಿರಾಮ. ಡೊಮಿನಿಕನ್ ಗಣರಾಜ್ಯದ ಬಚಾಟಾದಲ್ಲಿ ಅದೇ 4 ಮತ್ತು 8ಕ್ಕೆ ಕಾಲಿನ ತುದಿ ತಾಗಿಸಬೇಕು, ಭಾರ ಹಾಕಬಾರದು. ಎರಡನ್ನೂ ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ವಾಲ್ಟ್ಸ್ ಮೂರರ ಎಣಿಕೆಯದ್ದು, ನಮ್ಮ ತಿಶ್ರ ನಡೆಯಂತೆ, ಹಾಗಾಗಿ ಸಾಲ್ಸಾದೊಂದಿಗೆ ಬೆರೆತುಹೋಗುವ ಭಯ ಕಡಿಮೆ.

ತಾಳ ಹುಟ್ಟಿನಿಂದ ಬರಬೇಕೇ? ತಾಳವನ್ನೇ ಹಿಡಿಯಲಾಗದ ‘ಬೀಟ್ ಕಿವುಡು’ ಇರುವುದು ನಿಜ. ಆದರೆ ಅದು ಎಷ್ಟು ಅಪರೂಪ ಎಂದರೆ 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಅಂಥ ಒಬ್ಬನೇ ವ್ಯಕ್ತಿಯ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಭಜನೆಗೆ ಚಪ್ಪಾಳೆ ಸರಿಯಾಗಿ ತಟ್ಟಬಲ್ಲಿರಾದರೆ ನಿಮಗೆ ಆ ತೊಂದರೆ ಇಲ್ಲ.

ಶೇ 76ರ ಲೆಕ್ಕ ಬಂದದ್ದು 2003ರ ಒಂದು ಅಧ್ಯಯನದಿಂದ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ಸುಮಾರು ಐದು ವರ್ಷ ಗಮನಿಸಿದಾಗ, ನೃತ್ಯ ಮಾಡುತ್ತಿದ್ದವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿತು. ಓದುವವರಲ್ಲಿ, ವಾದ್ಯ ನುಡಿಸುವವರಲ್ಲೂ ಕಡಿಮೆಯೇ ಇತ್ತು. ಆದರೆ ಮಿದುಳು ಸೊರಗತೊಡಗಿದವರು ಮೊದಲೇ ಕುಣಿಯುವುದನ್ನು ಬಿಟ್ಟಿರಬಹುದಲ್ಲ? ನೃತ್ಯವೇ ಕಾಪಾಡಿತು ಎಂದು ಈ ಅಧ್ಯಯನ ಸಾಬೀತು ಮಾಡಿಲ್ಲ. ಹಾಗಾಗಿ ಆ ಮೆಸೇಜನ್ನು ಔಷಧಿಯಂತೆ ಹಂಚಬೇಡಿ. ಕುಣಿತ ಒಳ್ಳೆಯ ವ್ಯಾಯಾಮ, ಅಷ್ಟರಮಟ್ಟಿಗೆ ನಂಬಬಹುದು.

ದುಡ್ಡು ಹೋಗುವುದು, ಮಂಡಿ ನೋಯುವುದು ಕ್ಲಾಸಿನ ಆಯ್ಕೆಯಲ್ಲಿ. ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದವರಿಗೆ ಆರು ತಿಂಗಳ ಪ್ಯಾಕೇಜ್ ಮೊದಲ ದಿನವೇ ಕಟ್ಟಿ ಎನ್ನುವವರು ಸಿಗುತ್ತಾರೆ. ಕಟ್ಟಬೇಡಿ. ಒಂದು ಡೆಮೊ ಕ್ಲಾಸ್‌ಗೆ ಹೋಗಿ ಮೂಲೆಯಲ್ಲಿ ನಿಂತು ನೋಡಿ. ಮಾಸ್ಟರ್ ತಾವೇ ಕುಣಿದು ತೋರಿಸುತ್ತಾರೋ, ತಪ್ಪಿದವರ ಬಳಿ ಬಂದು ತಿದ್ದುತ್ತಾರೋ? ಜೋಡಿ ಬದಲಿಸುತ್ತಾರೋ? ಬದಲಿಸುವ ಕ್ಲಾಸೇ ಮೇಲು, ಏಕೆಂದರೆ ಒಬ್ಬರ ಜೊತೆಗೇ ಕಲಿತರೆ ಅವರ ಅಭ್ಯಾಸವನ್ನು ಕಲಿಯುತ್ತೀರಿ, ನೃತ್ಯವನ್ನಲ್ಲ. ಜೊತೆಗಾರರಿಲ್ಲದೆ ಒಂಟಿಯಾಗಿ ಹೋಗಲು ಅಳುಕುವವರಿಗೂ ಅದೇ ಅನುಕೂಲ. ಮುಟ್ಟುವ ಮೊದಲು ಕೇಳುವ, ‘ಇವರ ಜೊತೆ ಬೇಡ’ ಅಂದರೆ ಕಾರಣ ಕೇಳದೆ ಒಪ್ಪುವ ಕ್ಲಾಸ್ ಹುಡುಕಿ. ಇದರಲ್ಲಿ ಮಾತ್ರ ರಾಜಿ ಬೇಡ.

ಬರಿ ಗ್ರಾನೈಟ್ ಅಥವಾ ಸಿಮೆಂಟ್ ನೆಲದ ಮೇಲೆ ಗಂಟೆಗಟ್ಟಲೆ ಕುಣಿಯುವುದು ಕಾಲಿಗೆ ಕಷ್ಟ, ಮರದ ನೆಲ ಮೇಲು. ರಬ್ಬರ್ ತಳದ ಸ್ಪೋರ್ಟ್ಸ್ ಶೂ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಮಂಡಿ ತಿರುಚಿಕೊಳ್ಳುತ್ತದೆ. ನುಣುಪು ತಳದ ಶೂ ಸಾಕು, ಮೊದಲ ವಾರವೇ ದುಬಾರಿ ಡ್ಯಾನ್ಸ್ ಶೂ ಬೇಡ. ಮೊದಲೇ ಮಂಡಿನೋವು ಅಥವಾ ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಸೇರಿ.

ಊರಲ್ಲೇ ಇದ್ದು ಮೊಬೈಲ್ ನೋಡಿ ಕಲಿಯುವವರು ಒಂದನ್ನು ಗಮನಿಸಬೇಕು. ವಿಡಿಯೊದಲ್ಲಿ ಮಾಸ್ಟರ್ ನಿಮಗೆ ಎದುರಾಗಿ ನಿಂತಿದ್ದರೆ ಅವರ ಎಡ ನಿಮ್ಮ ಬಲದ ಕಡೆ ಕಾಣುತ್ತದೆ. ಬೆನ್ನು ತೋರಿಸಿ ಕಲಿಸುವ ವಿಡಿಯೊ ಹುಡುಕಿ. ಸಾಲ್ಸಾದಲ್ಲಿ ಸಾಮಾನ್ಯವಾಗಿ ಮುನ್ನಡೆಸುವವರು ಎಡಗಾಲಿನಿಂದ, ಹಿಂಬಾಲಿಸುವವರು ಬಲಗಾಲಿನಿಂದ ಶುರು ಮಾಡುತ್ತಾರೆ. ಮನೆಯಲ್ಲಿ ಒಬ್ಬರೇ ಇದ್ದಾಗ ಎರಡನ್ನೂ ಅಭ್ಯಾಸ ಮಾಡಿಕೊಳ್ಳಿ.