ಸಿಂಪ್ಯೂಟರ್ ಮತ್ತು ಧ್ವನಿ: ವಿಜ್ಞಾನ ಸಂಸ್ಥೆಯ ಮುಕ್ತ ಪ್ರಯೋಗ

ತಂತ್ರಾಂಶದ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರು ಬರೆದಿಟ್ಟ ಮೂಲರೂಪದ ಆದೇಶಗಳನ್ನು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದೆಂಬ ಪದ್ಧತಿ ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಅಂಗಳದಲ್ಲೇ ಬೆಳೆಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 1978ರಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ತಾನು ಮಾಡಿದ ಸೇರ್ಪಡೆಗಳನ್ನು ಹಂಚತೊಡಗಿತು. 1991ರಲ್ಲಿ ಲಿನಕ್ಸ್ ಎಂಬ ಅಂಥದೇ ವ್ಯವಸ್ಥೆಯ ತಿರುಳನ್ನು ಬರೆದ ಲಿನಸ್ ಟೋರ್ವಾಲ್ಡ್ಸ್ ಆಗಿನ್ನೂ ಹೆಲ್ಸಿಂಕಿಯ ವಿದ್ಯಾರ್ಥಿ.

ಕರ್ನಾಟಕದಲ್ಲಿ ಇದರ ಅತ್ಯಂತ ಮಹತ್ವಾಕಾಂಕ್ಷೆಯ ಪ್ರಯೋಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿನ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿ, ಅಕ್ಷರ ಬಾರದವರೂ ಬಳಸಬಹುದಾದ, ಲಿನಕ್ಸ್ ಮೇಲೆ ನಡೆಯುವ, ಅಂಗೈಯಲ್ಲಿ ಹಿಡಿಯಬಹುದಾದ ‘ಸಿಂಪ್ಯೂಟರ್’ ಎಂಬ ಗಣಕವನ್ನು ರೂಪಿಸಿ 2001ರಲ್ಲಿ ಜನರ ಮುಂದಿಟ್ಟರು. ತಂತ್ರಾಂಶದ ಜೊತೆಗೆ ಯಂತ್ರದ ವಿನ್ಯಾಸಕ್ಕೂ ಮುಕ್ತ ಪರವಾನಗಿ ಬರೆದದ್ದು ಇದರ ವೈಶಿಷ್ಟ್ಯ: ವಿನ್ಯಾಸ ಎಲ್ಲರಿಗೂ ತೆರೆದಿತ್ತು, ತಯಾರಿಸಿ ಮಾರುವವರು ಒಮ್ಮೆ ಶುಲ್ಕ ಕಟ್ಟಬೇಕಿತ್ತು, ಸುಧಾರಣೆ ಮಾಡಿದವರು ಕೆಲಕಾಲ ಅದರ ಲಾಭ ಪಡೆದು ಆಮೇಲೆ ಅದನ್ನು ಟ್ರಸ್ಟ್‌ಗೆ ಒಪ್ಪಿಸಬೇಕಿತ್ತು. ಪೇಟೆಂಟುಗಳ ಎಣಿಕೆಯಲ್ಲೇ ಸಂಶೋಧನೆಯನ್ನು ಅಳೆಯುವವರ ನಡುವೆ ಇದು ಸಣ್ಣ ಧೈರ್ಯವಾಗಿರಲಿಲ್ಲ.

ಓದಲಾರದವರಿಗೆ ಯಂತ್ರವೇ ಓದಿ ಹೇಳಬೇಕಾದ್ದರಿಂದ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ‘ಧ್ವನಿ’ ಎಂಬ ತಂತ್ರಾಂಶ ಸಿದ್ಧವಾಯಿತು. ಮೊದಲೇ ಧ್ವನಿಮುದ್ರಿಸಿಟ್ಟ ಉಚ್ಚಾರದ ತುಣುಕುಗಳನ್ನು ಜೋಡಿಸಿ ಮಾತಾಗಿಸುವುದು ಅದರ ಕ್ರಮ. ಹಾಸನ ಜಿಲ್ಲೆಯ ‘ಕೊಣನೂರು’ ಎಂಬ ಹೆಸರನ್ನು ಕೊಟ್ಟರೆ, ಬರಹವನ್ನು ಕೊ, ಣ, ನೂ, ರು ಎಂದು ಬಿಡಿಸಿ, ಆಯಾ ತುಣುಕನ್ನು ಹುಡುಕಿ ಬೆಸೆದರೆ ಕೆಲಸ ಬಹುಪಾಲು ಮುಗಿಯುತ್ತದೆ. ಹಿಂದಿಯಲ್ಲಾದರೋ ಬರಹದಲ್ಲಿರುವ ಅಕಾರವನ್ನು ಎಲ್ಲಿ ಉಚ್ಚರಿಸಬಾರದೆಂಬುದಕ್ಕೆ ಬೇರೆ ನಿಯಮಗಳೇ ಬೇಕಾಗುತ್ತವೆ.

ಪ್ರಾಧ್ಯಾಪಕರು ಹುಟ್ಟುಹಾಕಿದ ಪಿಕೋಪೆಟಾ ಕಂಪನಿಯು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ 2004ರಲ್ಲಿ ‘ಅಮಿಡಾ’ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದರೂ ಅದು ನಿರೀಕ್ಷಿಸಿದಷ್ಟು ಖರ್ಚಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತ ಹಳ್ಳಿಗಳ ಕಡೆ ಹೊರಟಿತ್ತು. ಸಿಂಪ್ಯೂಟರ್ ಸೋತದ್ದಕ್ಕೆ ಅದರ ಮುಕ್ತತೆಯನ್ನು ದೂರುವುದು ಸರಿಯಲ್ಲ. ಜಿಪಿಎಲ್ ಪರವಾನಗಿಯಲ್ಲಿದ್ದ, ಅಂದರೆ ಪಡೆದವರು ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕೆಂಬ ಕರಾರಿಗೆ ಒಳಪಟ್ಟಿದ್ದ ‘ಧ್ವನಿ’ಯನ್ನು ಆಮೇಲೆ ಕೇರಳದ ಸಂತೋಷ್ ತೊಟ್ಟಿಂಗಲ್ ಕೈಗೆತ್ತಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಮಲಯಾಳವೂ ಸೇರಿದಂತೆ ಹಲವು ಭಾಷೆಗಳಿಗೆ ವಿಸ್ತರಿಸಿದರು.