ಅಂಗಳದ ಗಿಡಗಳು: ಚರಿತ್ರೆಯೂ ದಂತಕಥೆಯೂ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಕಾರವಾರದ ಸಮೀಪದ ಒಂದು ಶಾಲೆಯಲ್ಲಿ ಸಂಸ್ಕೃತ ಪಾಠವನ್ನು ಹೇಳುತ್ತಿದ್ದೆನು. ಒಂದು ದಿನ ವಿದ್ಯಾರ್ಥಿಯೊಬ್ಬನು ನಾಗಲಿಂಗಪುಷ್ಪವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟನು. ನಾನು ಅದನ್ನು ಕೈಯಲ್ಲಿ ಹಿಡಿದು, ನಡುವಿನ ಲಿಂಗಾಕೃತಿಯನ್ನೂ ಅದರ ಮೇಲೆ ಹೆಡೆಯಂತೆ ಬಾಗಿರುವ ಕೇಸರಗಳನ್ನೂ ತೋರಿಸಿ, ನಮ್ಮ ಪೂರ್ವಿಕ ಋಷಿಗಳು ಶಿವಪೂಜೆಗೆಂದೇ ಈ ವೃಕ್ಷವನ್ನು ಬೆಳೆಸಿದರೆಂದೂ ಪುರಾಣಗಳಲ್ಲಿ ಇದರ ಪ್ರಶಂಸೆಯುಂಟೆಂದೂ ಗಂಭೀರವಾಗಿ ವಿವರಿಸಿದೆನು. ಹುಡುಗನು ಎದ್ದು ನಿಂತು, "ಮಾಸ್ತರರೇ, ಯಾವ ಪುರಾಣದಲ್ಲಿ?" ಎಂದು ಕೇಳಿದನು. "ನಾಳೆ ಹೇಳುತ್ತೇನೆ, ಕುಳಿತುಕೋ" ಎಂದೆನು. ಆ ನಾಳೆಯು ಬರಲೇ ಇಲ್ಲ.

ಹೋದ ವರ್ಷ ಅದೇ ಶಿಷ್ಯನು, ಈಗ ಅಂಕೋಲಾ ತಾಲೂಕಿನಲ್ಲಿ ಗೃಹಸ್ಥನಾಗಿರುವವನು, ನನ್ನನ್ನು ತನ್ನ ಮನೆಗೆ ಕರೆದೊಯ್ದನು. ಮನೆಯ ಹಿಂದಿನ ಹಳ್ಳದ ಅಂಚಿನಲ್ಲಿ ಅವನ ಅಜ್ಜನ ಕಾಲದಿಂದ ಬೆಳೆದಿದ್ದ ಕೇದಗೆಯ ಮೆಳೆಯನ್ನು ಹಾವಿನ ಭಯದಿಂದ ಕಡಿದು ಸುಟ್ಟಿದ್ದರು. ಮುಂದಿನ ಬೇಲಿಗೆ ಹಳದಿ ಕಣಗಿಲೆಯನ್ನು ಸಾಲಾಗಿ ನೆಟ್ಟಿದ್ದರು. ಅದು ದೇವರಿಗೆ ಏರಿಸುವ ಹೂವಾದುದರಿಂದ ನಿರಪಾಯವೆಂದು ಮನೆಯವರ ನಂಬಿಕೆ. ಅದರ ಬುಡದಲ್ಲಿ ಉದುರಿದ ಕಾಯಿಗಳನ್ನು ಆಯ್ದುಕೊಂಡು ಇಬ್ಬರು ಚಿಕ್ಕ ಮಕ್ಕಳು ಆಡುತ್ತಿದ್ದರು. ನಿರಪರಾಧಿಯಾದ ಗಿಡಕ್ಕೆ ಮರಣದಂಡನೆಯೂ ವಿಷವೃಕ್ಷಕ್ಕೆ ಸನ್ಮಾನವೂ ಒಂದೇ ಅಂಗಳದಲ್ಲಿ ಆದುದನ್ನು ಕಂಡು, ನಾನು ಅಂದು ಉತ್ತರ ಕೊಡದೆ ಉಳಿಸಿಕೊಂಡ ಸಾಲವು ನೆನಪಾಯಿತು. ಈ ಲೇಖನವು ಆ ಸಾಲದ ತೀರಿಕೆಗಾಗಿಯೇ ಹೊರತು ಯಾರ ಶ್ರದ್ಧೆಯನ್ನೂ ಕದಡುವುದಕ್ಕಾಗಿ ಅಲ್ಲ.

ಗಿಡಗಳ ಚರಿತ್ರೆಯನ್ನು ತಿಳಿಯಲು ಮೂರು ಬಗೆಯ ಸಾಕ್ಷಿಗಳುಂಟು: ಹಳೆಯ ಗ್ರಂಥಗಳು, ಗಿಡಗಳ ಹೆಸರುಗಳು, ಮತ್ತು ಸಸ್ಯಶಾಸ್ತ್ರಜ್ಞರು ಆ ಗಿಡದ ಕಾಡುಜಾತಿಯನ್ನು ಕಂಡ ಸ್ಥಳ. ನಾಗಲಿಂಗ ವೃಕ್ಷಕ್ಕೆ ಮೊದಲನೆಯ ಸಾಕ್ಷಿಯು ಒದಗುವುದಿಲ್ಲ. ಬಾಲ್ಯದಲ್ಲಿ ಕಂಠಪಾಠ ಮಾಡಿದ ಅಮರಕೋಶದ ವನೌಷಧಿವರ್ಗವನ್ನು ಎಷ್ಟು ಸಲ ಮಗುಚಿದರೂ ಇದರ ಹೆಸರು ಅಲ್ಲಿಲ್ಲ. ಮೂರನೆಯ ಸಾಕ್ಷಿಯಾದರೋ ಸ್ಪಷ್ಟವಾಗಿದೆ. ಈ ಮರದ ತವರು ದಕ್ಷಿಣ ಅಮೇರಿಕಾ ಖಂಡದ ಅರಣ್ಯಗಳು. ಓಬ್ಲೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನು 1775ರಲ್ಲಿ ಗಯಾನಾ ದೇಶದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿ ಆ ದೇಶದ ಹೆಸರನ್ನೇ ಇದಕ್ಕೆ ಇಟ್ಟನು. ಇದು ನಮ್ಮ ದೇವಾಲಯಗಳ ಆವರಣವನ್ನು ಸೇರಿದುದು ತೀರ ಈಚೆಗೆ. ಹೂವಿನ ಆಕಾರವು ಭಕ್ತರ ಕಣ್ಣಿಗೆ ಲಿಂಗವಾಗಿ ಕಂಡಿತು, ಹೆಸರು ಬಂದಿತು, ಹೆಸರಿನ ಹಿಂದೆ ಕಥೆಯೂ ಬಂದಿತು. ಸಿಂಹಳದಲ್ಲಿ ಇದೇ ಮರವನ್ನು ಬುದ್ಧನು ಜನಿಸಿದ ಸ್ಥಳದ ಸಾಲವೃಕ್ಷವೆಂದು ಭಾವಿಸಿ ವಿಹಾರಗಳಲ್ಲಿ ಬೆಳೆಸುತ್ತಾರೆ. ಒಂದೇ ಪರದೇಶದ ಮರವು ಒಂದು ಕಡೆ ಶೈವವಾಗಿಯೂ ಇನ್ನೊಂದು ಕಡೆ ಬೌದ್ಧವಾಗಿಯೂ ನಿಂತಿರುವುದನ್ನು ನೋಡಿದರೆ, ಜನರ ಭಕ್ತಿಯು ಎಷ್ಟು ಬೇಗ ಚರಿತ್ರೆಯನ್ನು ರಚಿಸಬಲ್ಲದೆಂಬುದು ವಿದಿತವಾಗುತ್ತದೆ.

ಇದೊಂದೇ ಅಲ್ಲ. ದೀಪಾವಳಿಗೆ ಬಾಗಿಲಿಗೆ ಕಟ್ಟುವ ಗೊಂಡೆ ಹೂವಿನ ಮೂಲಸ್ಥಾನ ಮೆಕ್ಸಿಕೋ ದೇಶ. ದೇವಕಣಗಿಲೆಯೂ ಅಮೇರಿಕಾ ಖಂಡದ ಉಷ್ಣಪ್ರದೇಶದ್ದೇ. ಅದರ ಶಾಸ್ತ್ರೀಯ ನಾಮವು ಪ್ಲೂಮಿಯೇ ಎಂಬ ಫ್ರೆಂಚ್ ಸನ್ಯಾಸಿಯ ಸ್ಮರಣಾರ್ಥವಾದುದು. ಗೋಡೆಯ ಮೇಲೆ ಹಬ್ಬಿಸುವ ಕಾಗದದ ಹೂವಿನ ಬಳ್ಳಿಯನ್ನು 1766ರಿಂದ 1769ರವರೆಗೆ ಭೂಪ್ರದಕ್ಷಿಣೆ ಮಾಡಿದ ಬೂಗನ್‌ವಿಲ್ ಎಂಬ ನಾವಿಕನ ಸಂಗಡಿಗರು ಬ್ರೆಜಿಲ್ ತೀರದಲ್ಲಿ ಕಂಡರು. ಇದಕ್ಕೆ ಪ್ರತಿಯಾಗಿ ಕೇತಕೀ, ಚಂಪಕ, ಮಲ್ಲಿಕಾ, ಜಪಾ, ಕರವೀರ ಎಂಬಿವು ಅಮರಸಿಂಹನಿಗೆ ಪರಿಚಿತವಾಗಿದ್ದುವು. ನಮ್ಮ ಹೆಂಗಸರು ಮುಡಿಯುವ ಅಬ್ಬಲಿಗೆಯೂ ಭಾರತ ಮತ್ತು ಸಿಂಹಳದ ನೆಲದ್ದೇ ಆಗಿದೆ.

ಎರಡನೆಯ ಸಾಕ್ಷಿಯಾದ ಹೆಸರುಗಳು ನಮ್ಮ ಅಡುಗೆಮನೆಯಲ್ಲಿ ಹೆಚ್ಚು ಮಾತನಾಡುತ್ತವೆ. ಮೆಣಸು ಎಂಬುದು ಮೂಲತಃ ಕಾಳುಮೆಣಸಿನ ಹೆಸರು. ಖಾರವಾದ ಹೊಸ ಕಾಯಿಯು ಹಡಗಿನಿಂದ ಇಳಿದು ಬಂದಾಗ ಅದನ್ನು ಮೆಣಸಿನಕಾಯಿ ಎಂದು ಕರೆದರು. ಕೊಲಂಬಸನು ಪಶ್ಚಿಮ ಸಮುದ್ರವನ್ನು ದಾಟಿದ್ದು 1492ರಲ್ಲಿ. ಪೋರ್ತುಗೀಜರು ನಮ್ಮ ನೆರೆಯ ಗೋವೆಯನ್ನು ಹಿಡಿದದ್ದು 1510ರಲ್ಲಿ. ಅದಕ್ಕೆ ಮೊದಲು ಭಾರತದ ಯಾವ ಅಡುಗೆಯಲ್ಲಿಯೂ ಮೆಣಸಿನಕಾಯಿಯು ಇರಲಿಲ್ಲ. ಈ ವಿಷಯದಲ್ಲಿ ನಮ್ಮ ಶ್ರಾದ್ಧದ ಅಡುಗೆಯೇ ಒಂದು ಶಾಸನದಂತಿದೆ. ಅನೇಕ ಮನೆಗಳಲ್ಲಿ ಆ ದಿನ ಮೆಣಸಿನಕಾಯಿಯನ್ನು ಮುಟ್ಟದೆ ಕಾಳುಮೆಣಸನ್ನೇ ಅರೆಯುತ್ತಾರೆ. ಬಟಾಟೆ, ಟೊಮೇಟೊಗಳಿಗೂ ಅಂದು ಪ್ರವೇಶವಿಲ್ಲ. ಕಾರಣವನ್ನು ಕೇಳಿದರೆ "ಪಿತೃಗಳಿಗೆ ಆಗದು" ಎನ್ನುತ್ತಾರೆ. ನಿಜಸಂಗತಿಯೆಂದರೆ ಪಿತೃಗಳ ಪಿತೃಗಳು ಆ ಪದಾರ್ಥಗಳನ್ನು ಕಂಡಿರಲೇ ಇಲ್ಲ. ಕಾರಣವು ಮರೆತುಹೋಗಿದ್ದರೂ ಆಚಾರವು ಚರಿತ್ರೆಯನ್ನು ಕಾಪಾಡಿಕೊಂಡು ಬಂದಿದೆ. ಆದಕಾರಣ ಹಿರಿಯರ ನಡವಳಿಕೆಯನ್ನೆಲ್ಲ ಮೂಢತನವೆಂದು ತಳ್ಳಿಬಿಡುವುದೂ ಪಂಡಿತರಿಗೆ ತಕ್ಕುದಲ್ಲ.

ಪಪ್ಪಾಯಿಗೆ ಪರಂಗಿ ಹಣ್ಣೆಂಬ ಹೆಸರುಂಟು. ಫರಂಗಿಯವರು ತಂದುದೆಂದು ಅದೇ ಹೇಳುತ್ತದೆ. ಗೇರುಮರವನ್ನು ಮಲೆಯಾಳದವರು ಹಡಗಿನ ಮಾವೆಂಬ ಅರ್ಥದಲ್ಲಿ ಕರೆದರು. ಆ ಹೆಸರು ಹಾರ್ಟಸ್ ಮಲಬಾರಿಕಸ್ ಎಂಬ ಮಹಾಗ್ರಂಥದಲ್ಲಿ ಅಚ್ಚಾಗಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡನು ಸಂಕಲಿಸಿದ ಈ ಗ್ರಂಥವು 1678ರಿಂದ 1693ರವರೆಗೆ 12 ಸಂಪುಟಗಳಾಗಿ ಆಮ್ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಇಟ್ಟಿ ಅಚ್ಯುತನ್ ಎಂಬ ಮಲೆಯಾಳದ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಇದಕ್ಕೆ ಆಧಾರಸ್ತಂಭಗಳಾದರು. ಆ ಮೂವರು 1675ರ ಏಪ್ರಿಲ್ ತಿಂಗಳಲ್ಲಿ ನಾಗರೀ ಲಿಪಿಯಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವು ಮೊದಲನೆಯ ಸಂಪುಟದಲ್ಲಿಯೇ ಇದೆ. ನಮ್ಮ ಕಾರವಾರದ ಬೀದಿಗಳಲ್ಲಿ ಕೇಳಿಬರುವ ಭಾಷೆಯು ಸಸ್ಯಶಾಸ್ತ್ರದ ಜಗನ್ಮಾನ್ಯ ಗ್ರಂಥದಲ್ಲಿ ಸಾಕ್ಷಿ ನುಡಿದಿದೆಯೆಂಬುದು ನಮಗೆ ಅಭಿಮಾನದ ಸಂಗತಿಯಲ್ಲವೇ? ಕಟ್ಟುಕಥೆಯಾದ ಪ್ರಾಚೀನತೆಗಿಂತ ಈ ನಿಜವಾದ ಕೀರ್ತಿಯು ಮೇಲು.

ಹೊಸದು ಎಷ್ಟು ಬೇಗ ಹಳೆಯದಾಗಿ ತೋರುತ್ತದೆಂಬುದಕ್ಕೆ ಕಾರವಾರದ ಕಡಲತೀರವೇ ನಿದರ್ಶನ. ಇಲ್ಲಿಯ ಗಾಳಿಮರಗಳು ಅನಾದಿಕಾಲದಿಂದ ಇದ್ದುವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅವನ್ನು ಇಲ್ಲಿ ನೆಡಲು ಆರಂಭಿಸಿದ್ದು 1868ರ ಸುಮಾರಿನಲ್ಲಿ. 1883ರಲ್ಲಿ ತರುಣ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಾಗ ಮರಳದಂಡೆಯ ಗಾಳಿಮರಗಳ ವನವು ಅವರ ಮನಸ್ಸನ್ನು ಸೆಳೆಯಿತು; ತಮ್ಮ ಜೀವನಸ್ಮೃತಿಯಲ್ಲಿ ಅದನ್ನು ನೆನೆದಿದ್ದಾರೆ. ಹದಿನೈದು ವರ್ಷಗಳೊಳಗಾಗಿ ಪರದೇಶದ ಮರವು ಈ ತೀರದ ಲಕ್ಷಣವೇ ಆಗಿಹೋಗಿತ್ತು.

ಹಾಗಾದರೆ ಪರದೇಶದ ಹೂವು ದೇವರಿಗೆ ಅರ್ಪಿತವಾಗಬಾರದೇ ಎಂದು ಕೆಲವರು ಕೇಳಬಹುದು. ಹಾಗೆ ನಾನು ಹೇಳುವುದಿಲ್ಲ. ಅರ್ಪಣೆಗೆ ಭಾವವು ಮುಖ್ಯವಾದುದು, ಹೂವಿನ ಜನ್ಮಪತ್ರಿಕೆಯಲ್ಲ. ಗೊಂಡೆ ಹೂವನ್ನು ಅವಶ್ಯವಾಗಿ ಏರಿಸೋಣ. ಆದರೆ ಅದರ ಹೆಸರಿನಲ್ಲಿ ಇಲ್ಲದ ಶ್ಲೋಕವನ್ನು ಹುಟ್ಟಿಸದಿರೋಣ. ಸತ್ಯನಾರಾಯಣನ ಪೂಜೆಗೆ ಅಸತ್ಯದ ಅಲಂಕಾರವು ಬೇಕಿಲ್ಲ.

ಇನ್ನು ಕೇದಗೆಯ ಮೇಲಿನ ಅಪವಾದವನ್ನು ಪರಿಶೀಲಿಸೋಣ. ಅದರ ಪರಿಮಳಕ್ಕೆ ಹಾವು ಬರುತ್ತದೆಂದು ಜನರ ಮಾತು. ಸಂಪಿಗೆಗೂ ರಾತ್ರಿರಾಣಿಗೂ ಇದೇ ದೂರು. ತರ್ಕಶಾಸ್ತ್ರದಲ್ಲಿ ಕಾರ್ಯಕಾರಣಗಳನ್ನು ಅನ್ವಯ ವ್ಯತಿರೇಕಗಳಿಂದ ನಿಶ್ಚಯಿಸಬೇಕೆಂದು ಹೇಳಿದೆ. ಪರಿಮಳವು ಕಾರಣವಾಗಿದ್ದರೆ ಹೂವಿಲ್ಲದ ಕಾಲದಲ್ಲಿ ಮೆಳೆಯಲ್ಲಿ ಹಾವಿರಬಾರದು. ಹೂವು ಅರಳುವ ಬೇರೆಡೆಗಳಲ್ಲೆಲ್ಲ ಇರಬೇಕು. ಎರಡೂ ಹಾಗಿಲ್ಲ. ಹಾವು ನಾಲಗೆಯನ್ನು ಚಾಚಿ ಬೇಟೆಯ ವಾಸನೆಯನ್ನು ಹಿಡಿಯುತ್ತದೆ. ಹೂವಿನಿಂದ ಅದಕ್ಕೆ ಆಗಬೇಕಾದುದೇನೂ ಇಲ್ಲ. ಕೇದಗೆಯು ಬೆಳೆಯುವುದು ನೀರಿನ ಅಂಚಿನಲ್ಲಿ. ಅಲ್ಲಿ ಕಪ್ಪೆಗಳುಂಟು, ಮುಳ್ಳಿನ ಎಲೆಗಳ ದಟ್ಟವಾದ ನೆರಳುಂಟು. ಕಪ್ಪೆ ಇಲಿಗಳೂ ಅಡಗುವ ಸ್ಥಳವೂ ಇದ್ದಲ್ಲಿ ಹಾವು ಬರುವುದು ಸಹಜ. ಬುಡದ ಕಸವನ್ನು ತೆಗೆದು, ಮನೆಗೂ ಮೆಳೆಗೂ ಅಂತರವನ್ನಿಟ್ಟಿದ್ದರೆ ಸಾಕಾಗಿತ್ತು. ಮೆಳೆಯನ್ನು ಸುಟ್ಟ ಮೇಲೆ ಹಳ್ಳದ ದಂಡೆಯ ಮಣ್ಣು ಮಳೆಗಾಲದಲ್ಲಿ ಕುಸಿಯತೊಡಗಿದೆಯೆಂದು ಶಿಷ್ಯನೇ ಹೇಳಿದನು. ಹಾವಾದರೋ ಈಗ ಸೌದೆಯ ರಾಶಿಯಲ್ಲಿ ಕಾಣಿಸಿಕೊಂಡಿದೆಯಂತೆ.

ಹಳೆಯ ದಂತಕಥೆಗಳಂತೆಯೇ ವಿಜ್ಞಾನದ ವೇಷವನ್ನು ಹಾಕಿಕೊಂಡ ಹೊಸ ದಂತಕಥೆಗಳೂ ಇವೆ. ತುಲಸಿಯು ರಾತ್ರಿಯಲ್ಲಿಯೂ ಪ್ರಾಣವಾಯುವನ್ನು ಬಿಡುತ್ತದೆಂಬುದು ಅವುಗಳಲ್ಲೊಂದು. ಗಿಡಗಳು ಪ್ರಾಣವಾಯುವನ್ನು ಕೊಡುವುದು ಬೆಳಕಿನಲ್ಲಿ ಮಾತ್ರವೆಂದು ಇಂಗೆನ್‌ಹೌಸ್ ಎಂಬ ವೈದ್ಯನು 1779ರಲ್ಲಿಯೇ ಪ್ರಯೋಗಪೂರ್ವಕವಾಗಿ ತೋರಿಸಿದನು. ರಾತ್ರಿ ಗಿಡಗಳೂ ನಮ್ಮಂತೆ ಉಸಿರಾಡುತ್ತವೆ. ತುಲಸಿಯು ಇದಕ್ಕೆ ಹೊರತಲ್ಲ. ತುಲಸೀಕಟ್ಟೆಯ ಮುಂದೆ ದೀಪವನ್ನಿಡುವ ಗೃಹಿಣಿಗೆ ಈ ಸುಳ್ಳು ಸಮರ್ಥನೆಯ ಅಗತ್ಯವಾದರೂ ಏನು? ಹಾಗೆಯೇ ಕದ್ದು ತಂದ ಮನಿಪ್ಲಾಂಟ್ ಬಳ್ಳಿಯು ಧನವನ್ನು ತರುತ್ತದೆಂದು ಹೇಳುತ್ತಾರೆ. ಅದು ಶಾಂತಸಾಗರದ ಮೂರೆಯಾ ಎಂಬ ಸಣ್ಣ ದ್ವೀಪದ ಬಳ್ಳಿ. ತುಂಡು ಮಾಡಿ ಎಲ್ಲಿ ನೆಟ್ಟರೂ ಚಿಗುರುವುದು ಅದರ ಸ್ವಭಾವ. ಬೇಡಿ ತಂದರೂ ಅಷ್ಟೇ ಚಿಗುರುತ್ತದೆ.

ಕುಂಡದ ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಿಮಾಡುತ್ತವೆಂಬ ಮಾತಿಗೆ ಅಮೇರಿಕೆಯ ನಾಸಾ ಸಂಸ್ಥೆಯ 1989ರ ವರದಿಯನ್ನು ಆಧಾರವಾಗಿ ಕೊಡುತ್ತಾರೆ. ಆ ಪ್ರಯೋಗವು ನಡೆದುದು ಚಿಕ್ಕ ಮುಚ್ಚಿದ ಪೆಟ್ಟಿಗೆಗಳಲ್ಲಿ. ಅಂತಹ ಪ್ರಯೋಗಗಳನ್ನೆಲ್ಲ 2019ರಲ್ಲಿ ಪುನಃ ಲೆಕ್ಕಹಾಕಿದ ವಿದ್ವಾಂಸರು, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸವನ್ನು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾದಾವೆಂದು ತೋರಿಸಿದರು. ಕಾರವಾರದಲ್ಲಿ ಪಡುವಣ ಕಿಟಕಿಯನ್ನು ತೆರೆದರೆ ಸಾಕು.

ಕೊನೆಗೆ ಕಣಗಿಲೆಯ ವಿಷಯ. ಅಮರಕೋಶದಲ್ಲಿ ಕರವೀರಕ್ಕೆ ಹಯಮಾರಕವೆಂಬ ಪರ್ಯಾಯನಾಮವನ್ನು ಕೊಟ್ಟಿದೆ. ಅಂದರೆ ಕುದುರೆಯನ್ನು ಕೊಲ್ಲುವುದು. ಈ ಹೆಸರನ್ನು ಮಕ್ಕಳ ಬಾಯಲ್ಲಿ ನೂರಾರು ಸಲ ಹೇಳಿಸಿದ ನಾನು ಅದರ ಅರ್ಥವನ್ನು ಎಚ್ಚರಿಕೆಯಾಗಿ ಒಂದು ಸಲವೂ ತಿಳಿಸಲಿಲ್ಲ. ಹಳದಿ ಕಣಗಿಲೆಯು ಅಮೇರಿಕಾ ಖಂಡದಿಂದ ಬಂದ ಅದರ ದಾಯಾದಿ. ಗಿಡದ ಸರ್ವಾಂಗವೂ ವಿಷ, ಬೀಜವಂತೂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಮಗುವು ಅದನ್ನು ಅಗಿದರೆ ಮನೆಮದ್ದಿನಲ್ಲಿ ಕಾಲವನ್ನು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಪೂಜೆಗೆ ಯೋಗ್ಯವಾದುದೆಲ್ಲ ಬಾಯಿಗೆ ಯೋಗ್ಯವಲ್ಲವೆಂಬುದನ್ನು ಪ್ರತಿಯೊಬ್ಬ ತಾಯಿಯೂ ಅರಿತಿರಬೇಕು.

ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗರಾದ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಯಾವ ತಾಯಿಮರದಿಂದ ಯಾವ ಕಾಲದಲ್ಲಿ ಬೀಜವನ್ನು ಆಯಬೇಕೆಂಬುದನ್ನು ಅರಣ್ಯ ಇಲಾಖೆಯ ಸಸ್ಯಪಾಲನಾಕ್ಷೇತ್ರದಲ್ಲಿ ದಶಕಗಳ ಕಾಲ ಕಣ್ಣಾರೆ ನೋಡಿ ಕಲಿತವರು. 2020ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀಯನ್ನು ಘೋಷಿಸಿತು. ನಾನು ಕೋಶವನ್ನು ಬಾಯಿಪಾಠ ಮಾಡಿದೆನು. ಅವರು ಗಿಡವನ್ನು ನೋಡಿದರು. ಪ್ರಮಾಣಗಳಲ್ಲಿ ಪ್ರತ್ಯಕ್ಷವನ್ನು ಮೊದಲು ಎಣಿಸುವುದೇತಕ್ಕೆಂದು ನನಗೆ ಈಗ ಚೆನ್ನಾಗಿ ತಿಳಿಯುತ್ತದೆ.

ಶಿಷ್ಯನು ಬೇಲಿಯ ಕಣಗಿಲೆಯನ್ನು ಕಿತ್ತು ದಾಸವಾಳವನ್ನು ನೆಟ್ಟಿದ್ದಾನೆ. ಹಳ್ಳದ ಅಂಚಿಗೆ ಕೇದಗೆಯ ಸಸಿಗಳನ್ನು ನೆರೆಮನೆಯಿಂದ ತಂದಿದ್ದಾನೆ. ಅವನು ಮೂವತ್ತು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಎಲ್ಲರೆದುರಿಗೆ ಬರೆದುಕೊಡುತ್ತೇನೆ: ನಾಗಲಿಂಗಪುಷ್ಪದ ವಿಷಯವು ಯಾವ ಪುರಾಣದಲ್ಲಿಯೂ ಇಲ್ಲ, ಮಗು. ಅಂದು ನೀನು ಕೇಳಿದ್ದೇ ಸರಿ.