ಧಾರವಾಡದಲ್ಲಿ ಸಿದ್ಧವಾದ ಬುದ್ಧಿಯ ಅಳತೆ

ಮಕ್ಕಳ ಬುದ್ಧಿಮಟ್ಟವನ್ನು ಕನ್ನಡದಲ್ಲೇ ಅಳೆಯುವ ಬಿನೆ-ಕಾಮತ್ ಪರೀಕ್ಷೆ ಹುಟ್ಟಿದ್ದು ಮುಂಬೈ ಕರ್ನಾಟಕದಲ್ಲಿ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಆಗ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿದ್ದವು; ಈ ಸೀಮೆಗೆಲ್ಲ ವಿದ್ಯೆಯ ಕೇಂದ್ರ ಧಾರವಾಡ. ಅಲ್ಲಿನ ಮಕ್ಕಳನ್ನು ಪರೀಕ್ಷಿಸಿ ವಿ. ವಿ. ಕಾಮತ್ ಕನ್ನಡ, ಮರಾಠಿ ಎರಡರಲ್ಲೂ ಪ್ರಶ್ನೆಗಳನ್ನು ಹೊಂದಿಸಿದರು. 1934ರಲ್ಲಿ ಅದರ ವಿವರ ಬ್ರಿಟನ್ನಿನ ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯಲ್ಲಿ ಬಂತು, 1940ರಲ್ಲಿ ಪುಸ್ತಕವಾಯಿತು.

ಮೂಲ ಪ್ಯಾರಿಸ್ಸಿನದು. ಪಾಠ ಹತ್ತದ ಮಕ್ಕಳನ್ನು ಗುರುತಿಸಲೆಂದು ಆಲ್ಫ್ರೆಡ್ ಬಿನೆ ಮತ್ತು ತಿಯೋಡೋರ್ ಸಿಮೋನ್ 1905ರಲ್ಲಿ ಸಿದ್ಧಪಡಿಸಿದ್ದನ್ನು ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಪರಿಷ್ಕರಿಸಿದರು. ಲಾಹೋರಿನಲ್ಲಿ ಹರ್ಬರ್ಟ್ ರೈಸ್ 1929ರಲ್ಲೇ ಹಿಂದೂಸ್ತಾನಿ ರೂಪ ತಂದಿದ್ದರು. ರೋರ್ಷಾಕ್ ವ್ಯಕ್ತಿತ್ವ ಪರೀಕ್ಷೆಯ ಹತ್ತು ಶಾಯಿಕಲೆಗಳನ್ನು ಇದ್ದಂತೆಯೇ ಯಾವ ದೇಶಕ್ಕಾದರೂ ಒಯ್ಯಬಹುದು. ಬಿನೆಯ ಪ್ರಶ್ನೆಗಳಿಗೆ ಆ ಅನುಕೂಲವಿಲ್ಲ. ನಾಣ್ಯ, ಪದ, ಚಿತ್ರ ಎಲ್ಲವೂ ಮಗುವಿನ ಊರಿನವೇ ಆಗಬೇಕು.

ಪರೀಕ್ಷೆ ವಯಸ್ಸಿನ ಮೆಟ್ಟಿಲುಗಳಲ್ಲಿ ಸಾಗುತ್ತದೆ. ಹತ್ತು ವರ್ಷದವರೆಗೆ ಒಂದೊಂದು ಮೆಟ್ಟಿಲಿಗೆ ಆರು ಪ್ರಶ್ನೆ, ಸರಿಯುತ್ತರವೊಂದಕ್ಕೆ ಎರಡು ತಿಂಗಳ ಲೆಕ್ಕ. ಪರೀಕ್ಷಕರು ಅಂಕಿಗಳನ್ನು ನಿಧಾನವಾಗಿ ಹೇಳುತ್ತಾರೆ, ಮಗು ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು. ದೊಡ್ಡ ಮಕ್ಕಳು ಹಿಂದಿನಿಂದ ಮುಂದಕ್ಕೂ ಹೇಳಬೇಕು. ಎಲ್ಲ ಪ್ರಶ್ನೆಗಳೂ ತಪ್ಪುವ ಮೆಟ್ಟಿಲು ಬಂದಾಗ ಪರೀಕ್ಷೆ ನಿಲ್ಲುತ್ತದೆ. ಎಂಟು ವರ್ಷದ ಮಗುವಿನ ಮಾನಸಿಕ ವಯಸ್ಸು ಆರು ಬಂದರೆ ಬುದ್ಧಿಸೂಚ್ಯಂಕ 75.

ಈ ಅಂಕಿಗೆ ಬಂದ ತೂಕ ಸಣ್ಣದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಹಿಡಿದು ದೇಶದ ಹಲವು ಆಸ್ಪತ್ರೆಗಳು ಈ ಪರೀಕ್ಷೆಯನ್ನು ಬಳಸುತ್ತ ಬಂದಿವೆ. ವಿಶೇಷ ಶಾಲೆಯ ಪ್ರವೇಶ, ಅಂಗವಿಕಲತೆಯ ಪ್ರಮಾಣಪತ್ರಗಳೂ ಇಂಥ ಅಂಕಿಯನ್ನು ಕೇಳುತ್ತವೆ.

ಪರೀಕ್ಷೆಯ ದೊಡ್ಡ ದೋಷವೆಂದರೆ ಅದು ಮಾತನ್ನೇ ಹೆಚ್ಚು ನೆಚ್ಚುವುದು. ಇಳಕಲ್ಲಿನ ನೇಕಾರರ ಮನೆಯಲ್ಲಿ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದನ್ನು ನೋಡಿ ಕಲಿತ ಮಗುವಿನ ಕೈಚಳಕಕ್ಕೆ ಇಲ್ಲಿ ಹೆಚ್ಚಿನ ಲೆಕ್ಕವಿಲ್ಲ. ಸಿ. ಎಂ. ಭಾಟಿಯಾ 1955ರಲ್ಲಿ ತಂದ ಪರೀಕ್ಷಾಮಾಲೆ ಈ ಕೊರತೆಗೆ ಒಂದು ಉತ್ತರ. ಅದರಲ್ಲಿ ಬಣ್ಣದ ಘನಗಳನ್ನು ಜೋಡಿಸುವಂಥ ಕೆಲಸಗಳಿದ್ದವು, ಅಕ್ಷರ ಬಲ್ಲ ಮತ್ತು ಬಾರದ ಹುಡುಗರಿಗೆ ಪ್ರತ್ಯೇಕ ಮಾನಗಳಿದ್ದವು. ಕಾಮತರ ಮಾನಗಳು 1930ರ ದಶಕದ ಮಕ್ಕಳವು ಎಂಬ ಆಕ್ಷೇಪವೂ ಹಳೆಯದೇ. ಹಾಗಾಗಿ ಪರೀಕ್ಷೆಯ ಜೊತೆಗೆ ವೈನ್‌ಲ್ಯಾಂಡ್ ಮಾಪಕವನ್ನೂ ಬಳಸುವ ರೂಢಿಯಿದೆ: ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ ಎಂಬ ಅದರ ಪ್ರಶ್ನೆಗಳಿಗೆ ಉತ್ತರ ಕೊಡುವವರು ತಂದೆತಾಯಿ.